ನೆಲ ಡೊಂಕಿದ್ದರೂ ಇರಬಹುದು

ನಿಮ್ಮ ಮನೆಯಲ್ಲಿ ಎಷ್ಟು ಸ್ಪ್ರಿಂಗ್ ಇವೆ ಅಂತ ಒಮ್ಮೆ ಎಣಿಸಿ ನೋಡಿ. ಬಾಲ್‌ಪೆನ್ನಿನೊಳಗೆ ಒಂದು. ಟಾರ್ಚಿನ ಹಿಂದಿನ ಮುಚ್ಚಳದಲ್ಲಿ ಒಂದು. ಬಟ್ಟೆ ಒಣಹಾಕುವ ಒಂದೊಂದು ಕ್ಲಿಪ್ಪಿನಲ್ಲೂ ಒಂದೊಂದು. ಸೈಕಲ್ ಸೀಟಿನ ಅಡಿ ಎರಡು, ಬೈಕಿನ ಸ್ಟ್ಯಾಂಡಿಗೆ ಒಂದು, ಔಷಧಿ ಹೊಡೆಯುವ ಪಂಪಿನ ಹಿಡಿಯಲ್ಲಿ ಒಂದು. ಅಮ್ಮನ ಹೊಲಿಗೆ ಮಿಷನ್ನಿನಲ್ಲಂತೂ ಒಂದಕ್ಕಿಂತ ಹೆಚ್ಚು. ಇಷ್ಟೆಲ್ಲ ಇದ್ದರೂ ಅವುಗಳ ಯೋಚನೆ ನಮಗೆ ಬರುವುದಿಲ್ಲ. ಸ್ಪ್ರಿಂಗ್ ಸರಿಯಿದ್ದಾಗ ಅದು ಇದೆ ಅನ್ನುವುದೇ ಕೈಗೆ ಗೊತ್ತಾಗುವುದಿಲ್ಲ. ಸರಿಯಿಲ್ಲದಾಗ ನಾವು ಬೈದುಕೊಳ್ಳುವುದು ನಮ್ಮ ಕೈಯನ್ನು.

ಈ ಬರಹ ಅಂಥದೊಂದು ಸ್ಪ್ರಿಂಗಿನ ಕುರಿತು. ಮೈಸೂರು ದಸರಾ ವಸ್ತುಪ್ರದರ್ಶನದಲ್ಲಿ ವಿಡಿಯೋ ಗೇಮ್ ಮಳಿಗೆ ಇಟ್ಟಿದ್ದವರೊಬ್ಬರ ಯಂತ್ರದೊಳಗಿದ್ದ, ನಮ್ಮ ಕಿರುಬೆರಳಿನಷ್ಟು ಉದ್ದವೂ ಇಲ್ಲದ ಒಂದು ಸ್ಪ್ರಿಂಗ್.

ನಾವು ಮೂವರು. ಒಬ್ಬರ ಊರು ತಿ. ನರಸೀಪುರದ ಕಡೆ, ಒಬ್ಬರದು ಹುಣಸೂರಿನ ಕಡೆ, ಮತ್ತೊಬ್ಬರದು ಚಾಮರಾಜನಗರದ ಕಡೆ. ಪತ್ರಿಕೋದ್ಯಮ ಓದಿ ಮುಗಿಸಿ, ಕೆಲಸ ಇನ್ನೂ ಸಿಗದೆ, ಮೈಸೂರಿನಲ್ಲಿ ಒಂದೇ ರೂಮಿನ ಬಾಡಿಗೆ ಹಂಚಿಕೊಂಡಿದ್ದ ದಿನಗಳು. ದಸರಾ ಬಂತೆಂದರೆ ದೊಡ್ಡಕೆರೆ ಮೈದಾನದಲ್ಲಿ ಸಂಜೆ ಕೆಲಸಕ್ಕೆ ಜನ ಬೇಕು. ಟೋಕನ್ ಕೊಡುವುದು, ಸಾಲು ನಿಲ್ಲಿಸುವುದು, ಕೆಟ್ಟು ನಿಂತ ಯಂತ್ರವನ್ನು ಆಫ್ ಮಾಡಿ ಆನ್ ಮಾಡುವುದು. ನಾವು ಅದಕ್ಕೆ ಸೇರಿಕೊಂಡೆವು.

ಈ ವಸ್ತುಪ್ರದರ್ಶನಕ್ಕೆ ಹಳೆಯ ಇತಿಹಾಸವಿದೆ. 1880ರಲ್ಲಿ, ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ ಇದು ಶುರುವಾಯಿತು. ಹೊಸದಾಗಿ ಬಂದ ವಸ್ತುಗಳನ್ನು ನಮ್ಮ ಜನ ಕಣ್ಣಾರೆ ಕಾಣಲಿ ಅನ್ನುವುದು ಆಗಿನ ಉದ್ದೇಶ. ಈಗ ಕರ್ನಾಟಕ ವಸ್ತುಪ್ರದರ್ಶನ ಪ್ರಾಧಿಕಾರ ನಡೆಸುತ್ತದೆ. ಇಲಾಖೆಗಳ ಮಳಿಗೆ, ದೊಡ್ಡ ರಾಟೆ, ತಟ್ಟೆಗಿಂತ ದೊಡ್ಡದಾದ ದೆಹಲಿ ಹಪ್ಪಳ, ಚುರುಮುರಿ, ಗೋಬಿ, ಬಳೆ, ಸ್ವೆಟರ್ರು ಎಲ್ಲ ಒಂದೇ ಬಯಲಲ್ಲಿ. ನಮ್ಮೂರುಗಳ ಎಷ್ಟೋ ಮಕ್ಕಳಿಗೆ ವಿಡಿಯೋ ಗೇಮಿನ ದೊಡ್ಡ ಪೆಟ್ಟಿಗೆಯನ್ನು ಕೈಯಲ್ಲಿ ಮುಟ್ಟುವ ಅವಕಾಶ ವರ್ಷಕ್ಕೆ ಒಮ್ಮೆ, ಇಲ್ಲಿ ಮಾತ್ರ. ಬಸ್ಸಿನ ಖರ್ಚು, ಹಪ್ಪಳದ ಖರ್ಚು ಕಳೆದು ಉಳಿದ ಕಾಸಿನಲ್ಲಿ ಒಂದು ಟೋಕನ್. ಎರಡು ಮೂರು ನಿಮಿಷದ ಆಟ. ಅಷ್ಟರಲ್ಲಿ ಆ ಮಗು ತನ್ನ ಬಗ್ಗೆ ಒಂದು ತೀರ್ಮಾನಕ್ಕೆ ಬಂದುಬಿಡುತ್ತದೆ. ‘ನನಗೆ ಬರುತ್ತೆ’ ಅಂತ, ಇಲ್ಲವೇ ‘ನನ್ನ ಕೈಲಿ ಆಗಲ್ಲ’ ಅಂತ.

ಮಳಿಗೆಯಲ್ಲಿ ಇಬ್ಬರು ಎದುರುಬದುರು ಹೊಡೆದಾಡುವ ಒಂದು ಆಟವಿತ್ತು. 1991ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ತಂದ ‘ಸ್ಟ್ರೀಟ್ ಫೈಟರ್ 2’ ಆದಮೇಲೆ ಜಗತ್ತಿನ ತುಂಬ ಹಬ್ಬಿದ ಜಾತಿಯ ಆಟ. ಅದೇ ಕಂಪನಿ 1993ರಲ್ಲಿ ತಂದ ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್’ ಆಟವನ್ನು ನಮ್ಮ ಅಣ್ಣಂದಿರು ಇವತ್ತಿಗೂ ‘ಮುಸ್ತಾಫಾ ಗೇಮ್’ ಅಂತಲೇ ನೆನೆಯುತ್ತಾರೆ. ಇವುಗಳಲ್ಲಿ ಮೊಬೈಲಿನ ಹಾಗೆ ಗಾಜು ಉಜ್ಜುವುದಿಲ್ಲ. ಎಡಗೈಗೆ ಒಂದು ಹ್ಯಾಂಡಲ್ಲು, ಅದೇ ಜಾಯ್‌ಸ್ಟಿಕ್. ಬಲಗೈಗೆ ಗುಂಡಿಗಳು.

ಒಂದು ಸಂಜೆ ನಂಜನಗೂಡಿನ ಕಡೆಯ ಅಣ್ಣ ತಂಗಿ ಬಂದರು. ಹುಡುಗಿಗೆ ಹನ್ನೆರಡು ವರ್ಷ ಇರಬಹುದು. ಅವಳು ಎಡಬದಿಯ ಹ್ಯಾಂಡಲ್ಲಿಗೆ, ಅವನು ಬಲಬದಿಯದಕ್ಕೆ. ಎರಡು ಸುತ್ತಿನಲ್ಲೇ ಅವಳು ಸೋತಳು. ಕೈ ಜಾಡಿಸಿಕೊಂಡು, “ಅಣ್ಣಾ, ಈ ಹ್ಯಾಂಡ್ಲು ಸರಿಗಿಲ್ಲ ಕಣೋ, ತಿರುಗ್ತಾನೇ ಇಲ್ಲ” ಅಂದಳು. ಅವನು ನಕ್ಕ. “ಕುಣೀಲಾರದವ್ಳು ನೆಲ ಡೊಂಕು ಅಂದ್ಲಂತೆ! ಹೆಣ್ಮಕ್ಕಳ ಆಟ ಅಲ್ಲ ಬಾ ಇದು” ಅಂದ. ಸಾಲಿನಲ್ಲಿದ್ದವರೂ ನಕ್ಕರು. ನಾವು ಮಾತು ಸೇರಿಸುವಷ್ಟರಲ್ಲಿ ಹಿಂದಿನವರು ಮುಂದೆ ನುಗ್ಗಿದ್ದರು, ಅವರಿಬ್ಬರೂ ಜನರೊಳಗೆ ಸೇರಿಹೋಗಿದ್ದರು.

ಆದರೆ ಅವಳ ಮಾತು ನಮ್ಮ ತಲೆಯಲ್ಲಿ ಉಳಿಯಿತು. ಆಮೇಲಿನ ಎರಡು ದಿನ ಎಡಬದಿಗೆ ನಿಂತವರನ್ನೇ ನೋಡಿದೆವು. ದೊಡ್ಡವರು ಹೇಗೋ ಸಂಭಾಳಿಸುತ್ತಿದ್ದರು. ಚಿಕ್ಕ ಕೈಯವರು, ಗಂಡಾಗಲಿ ಹೆಣ್ಣಾಗಲಿ, ಹೆಚ್ಚಾಗಿ ಸೋಲುತ್ತಿದ್ದರು. ಪದೇಪದೇ ಬರುವ ಪಡ್ಡೆ ಹುಡುಗರಿಗೆ ಇದು ಮೊದಲೇ ತಿಳಿದಿತ್ತು. ಅವರು ಓಡಿಬಂದು ಬಲಬದಿಯನ್ನೇ ಹಿಡಿಯುತ್ತಿದ್ದರು. ಗೊತ್ತಿಲ್ಲದೆ ಎಡಕ್ಕೆ ಹೋಗಿ ನಿಲ್ಲುತ್ತಿದ್ದವರು ಮೊದಲ ಸಲ ಬಂದವರು. ಅಂದರೆ ನಮ್ಮೂರುಗಳ ಕಡೆಯವರು.

ಮೂರನೆಯ ರಾತ್ರಿ ಮಳಿಗೆ ಮುಚ್ಚಿದ ಮೇಲೆ ಮಾಲೀಕರ ಒಪ್ಪಿಗೆ ತೆಗೆದುಕೊಂಡು ಪೆಟ್ಟಿಗೆ ಬಿಚ್ಚಿದೆವು. ಮೊದಲು ಪ್ಲಗ್ ಕಿತ್ತಿಟ್ಟೆವು. ಹಳೆಯ ಟೀವಿ ಟ್ಯೂಬಿರುವ ಪೆಟ್ಟಿಗೆಯಾದರೆ ಪ್ಲಗ್ ಕಿತ್ತ ಮೇಲೂ ಟ್ಯೂಬಿನ ಹತ್ತಿರ ಕೈ ಹಾಕಬಾರದು, ಅದರಲ್ಲಿ ಕರೆಂಟು ಉಳಿದಿರುತ್ತದೆ. ನಮಗೆ ಬೇಕಾಗಿದ್ದದ್ದು ಹ್ಯಾಂಡಲ್ಲಿರುವ ಮುಂದಿನ ಹಲಗೆ ಮಾತ್ರ.

ಜಾಯ್‌ಸ್ಟಿಕ್ಕಿನ ಒಳಗೆ ಏನು ಮಹಾ ಇರುತ್ತದೆ ಅಂದುಕೊಂಡರೆ ನಿಜಕ್ಕೂ ಏನೂ ಇಲ್ಲ. ಒಂದು ಉಕ್ಕಿನ ಕಡ್ಡಿ. ಅದು ನಡುವೆ ಒಂದು ಗುಂಡಿಯ ಮೇಲೆ ಏತದ ಮರದ ಹಾಗೆ ಆಡುತ್ತದೆ. ನಾವು ಮೇಲಿನ ತುದಿಯನ್ನು ಬಲಕ್ಕೆ ತಳ್ಳಿದರೆ ಕೆಳಗಿನ ತುದಿ ಎಡಕ್ಕೆ ಹೋಗುತ್ತದೆ. ಆ ಕೆಳತುದಿಯ ಸುತ್ತ ನಾಲ್ಕು ದಿಕ್ಕಿಗೆ ನಾಲ್ಕು ಪುಟ್ಟ ಸ್ವಿಚ್ಚುಗಳು. ಕಡ್ಡಿ ಒತ್ತಿದ ಸ್ವಿಚ್ಚು ‘ಟಿಕ್’ ಅನ್ನುತ್ತದೆ, ಪರದೆಯ ಮೇಲಿನ ಆಳು ಆ ಕಡೆ ನಡೆಯುತ್ತಾನೆ. ಮೂಲೆಗೆ ತಳ್ಳಿದರೆ ಅಕ್ಕಪಕ್ಕದ ಎರಡು ಸ್ವಿಚ್ಚು ಒಟ್ಟಿಗೆ ಒತ್ತಬೇಕು. ಕಡ್ಡಿಗೆ ಒಂದು ಸ್ಪ್ರಿಂಗ್ ತೊಡಿಸಿರುತ್ತಾರೆ. ಕೈ ಬಿಟ್ಟ ಕೂಡಲೇ ಕಡ್ಡಿಯನ್ನು ನಡುವಿಗೆ ತಂದು ನಿಲ್ಲಿಸುವುದು ಅದರ ಕೆಲಸ. ಇಷ್ಟೆಲ್ಲ ಜಾರದಂತೆ ಕೆಳಗೆ ಒಂದು ಸಣ್ಣ ಕ್ಲಿಪ್ಪು ಹಿಡಿದಿರುತ್ತದೆ. ಅದನ್ನು ಬಿಚ್ಚುವಾಗ ಮೇಲೊಂದು ಬಟ್ಟೆ ಮುಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಅದು ಹಾರಿ ಎಲ್ಲಿ ಬಿತ್ತೆಂದು ಮೈದಾನವೆಲ್ಲ ಹುಡುಕಬೇಕಾಗುತ್ತದೆ.

ಹೊಡೆದಾಟದ ಆಟದಲ್ಲಿ ದೊಡ್ಡ ಪೆಟ್ಟು ಕೊಡಬೇಕೆಂದರೆ ಹ್ಯಾಂಡಲ್ಲನ್ನು ಕೆಳಕ್ಕೆ, ಅಲ್ಲಿಂದ ಮೂಲೆಗೆ, ಅಲ್ಲಿಂದ ಮುಂದಕ್ಕೆ ಸರಕ್ಕನೆ ಉರುಳಿಸಬೇಕು. ರೊಟ್ಟಿ ತಟ್ಟುವಾಗ ಅಂಗೈ ತಿರುಗುವ ಹಾಗೆ ಒಂದೇ ಓಟದಲ್ಲಿ ಬರಬೇಕು. ಸ್ಪ್ರಿಂಗ್ ಬಿಗಿಯಾಗಿದ್ದರೆ ಚಿಕ್ಕ ಕೈ ಮೂಲೆಯವರೆಗೆ ತಲುಪುವುದಿಲ್ಲ. ಎರಡು ಸ್ವಿಚ್ಚಿನಲ್ಲಿ ಒಂದು ಮಾತ್ರ ಒತ್ತುತ್ತದೆ. ಆಡುವವರಿಗೆ ತಾನು ಸರಿಯಾಗೇ ತಿರುಗಿಸಿದೆ ಅನ್ನಿಸುತ್ತದೆ, ಪೆಟ್ಟಿಗೆಗೆ ಮಾತ್ರ ಅದು ತಲುಪಿರುವುದಿಲ್ಲ. ‘ತಿರುಗ್ತಾನೇ ಇಲ್ಲ’ ಅಂದ ಹುಡುಗಿ ಹೇಳಿದ್ದು ಅಕ್ಷರಶಃ ಇದನ್ನೇ.

ತಪ್ಪು ಸ್ಪ್ರಿಂಗಿನದೇ ಅಂತ ಒಂದೇ ಸಲಕ್ಕೆ ಹೇಳಿಬಿಡಲು ಆಗುವುದಿಲ್ಲ. ಧೂಳು ಸೇರಿದ ಹಳೆಯ ಗ್ರೀಸ್ ಕೂಡ ಕಡ್ಡಿಯನ್ನು ಹಿಡಿದುಬಿಡುತ್ತದೆ. ಇದನ್ನು ತಿಳಿಯುವ ದಾರಿ ಸುಲಭ. ಸ್ಪ್ರಿಂಗ್ ತೆಗೆದಿಟ್ಟು ಬರೀ ಕಡ್ಡಿಯನ್ನು ಆಡಿಸಿ ನೋಡುವುದು. ಆಗಲೂ ಬಿಗಿಯಿದ್ದರೆ ದೋಷ ಕೊಳೆಯದ್ದು. ಸಲೀಸಾಗಿ ಆಡಿದರೆ ದೋಷ ಸ್ಪ್ರಿಂಗಿನದು. ನಮ್ಮದರಲ್ಲಿ ಸ್ವಲ್ಪ ಕೊಳೆಯಿತ್ತು. ಒರೆಸಿ, ಚೂರು ಹೊಸ ಗ್ರೀಸ್ ಹಚ್ಚಿದೆವು. ಆದರೂ ಸ್ಪ್ರಿಂಗ್ ಹಾಕಿದ ಕೂಡಲೇ ಕಡ್ಡಿ ಮತ್ತೆ ಬಿಗಿ.

ಎಷ್ಟು ಬಿಗಿ ಅಂತ ಅಳೆಯಬೇಕಲ್ಲ. ಅದಕ್ಕೆ ನೀರಿನ ಬಾಟಲಿ ಸಾಕು. ಹಲಗೆಯನ್ನು ಗೋಡೆಯ ಹಾಗೆ ನಿಲ್ಲಿಸಿದರೆ ಹ್ಯಾಂಡಲ್ಲು ಗೂಟದ ಹಾಗೆ ಅಡ್ಡವಾಗಿ ಚಾಚಿಕೊಳ್ಳುತ್ತದೆ. ಅದರ ತುದಿಗೆ ದಾರ ಕಟ್ಟಿ ಖಾಲಿ ಬಾಟಲಿ ತೂಗುಹಾಕಿ ನಿಧಾನವಾಗಿ ನೀರು ಸುರಿಯುವುದು. ‘ಟಿಕ್’ ಅಂದಾಗ ನಿಲ್ಲಿಸುವುದು. ಒಂದು ಲೀಟರ್ ನೀರು ಒಂದು ಕೆಜಿ ತೂಗುತ್ತದೆ, ಹಾಗಾಗಿ ತಕ್ಕಡಿ ಬೇಡ. ಬಲಬದಿಯ ಹ್ಯಾಂಡಲ್ಲು ಕಾಲು ಲೀಟರಿನ ಆಸುಪಾಸಿಗೆ ಟಿಕ್ ಅಂದಿತು. ಎಡಬದಿಯದಕ್ಕೆ ಅರ್ಧ ಲೀಟರ್ ದಾಟಿತು. ಒಂದೇ ಆಟ, ಒಂದೇ ಟೋಕನ್, ಆದರೆ ಒಬ್ಬರು ಹೊರುತ್ತಿದ್ದದ್ದು ಇನ್ನೊಬ್ಬರ ಎರಡು ಪಟ್ಟು.

ಮಾಲೀಕರು ಇದನ್ನು ಬೇಕೆಂದು ಮಾಡಿರಲಿಲ್ಲ. ಹಿಂದೊಮ್ಮೆ ಎಡಗಡೆಯ ಸ್ಪ್ರಿಂಗ್ ಮುರಿದಾಗ ಸಿಕ್ಕಿದ ಯಾವುದೋ ಒಂದನ್ನು ತೂರಿಸಿದ್ದರು, ಅಷ್ಟೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ.

ಮರುದಿನ ಎರಡೂ ಸ್ಪ್ರಿಂಗ್ ಜೇಬಿಗೆ ಹಾಕಿಕೊಂಡು, ನಮಗೆ ಗೊತ್ತಿದ್ದ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆವು. ಮೈಸೂರಿನಲ್ಲಿ ಸ್ಪ್ರಿಂಗ್ ಬಲ್ಲ ಕೈಗಳಿಗೆ ಕೊರತೆಯಿಲ್ಲ. 1960ರಲ್ಲಿ ಇಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಹುಟ್ಟಿತು, 1996ರಲ್ಲಿ ಮುಚ್ಚಿತು. ಆದರೆ ಆ ಜಾವಾ, ಯೆಜ್ಡಿ ಬೈಕುಗಳನ್ನು ಬಿಚ್ಚಿ ಜೋಡಿಸುವ ವಿದ್ಯೆ ಊರಿನಲ್ಲಿ ಉಳಿದುಕೊಂಡಿತು. ಕಿಕ್ ಹೊಡೆಯುವುದಕ್ಕೂ ಗೇರ್ ಹಾಕುವುದಕ್ಕೂ ಒಂದೇ ಲಿವರ್ ಇರುವ ಬೈಕು ಅದು. ಅದನ್ನು ರಿಪೇರಿ ಮಾಡಿದವರಿಗೆ ಸ್ಪ್ರಿಂಗಿನ ಗುಣ ಅಂಗೈ ಗೆರೆಯಷ್ಟು ಗೊತ್ತು.

“ಕತ್ತರಿಸಿ ಸಣ್ಣ ಮಾಡಿದ್ರೆ ಮೆತ್ತಗಾಗುತ್ತಾ ಸಾರ್?” ಅಂತ ಕೇಳಿದೆವು.

ಅವರು ತಲೆ ಅಲ್ಲಾಡಿಸಿದರು. “ಎಲ್ರೂ ಹಂಗೇ ಅನ್ಕೋತಾರೆ ಕಣ್ರಪ್ಪ. ಕತ್ತರಿಸಿದ್ರೆ ಸ್ಪ್ರಿಂಗ್ ಇನ್ನೂ ಗಟ್ಟಿಯಾಗುತ್ತೆ. ಹತ್ತು ಸುತ್ತು ಹಂಚ್ಕೊಂಡು ಬಗ್ತಿದ್ದ ಕೆಲಸಾನ ಎಂಟೇ ಸುತ್ತು ಮಾಡ್ಬೇಕಲ್ವಾ?”

ಲೆಕ್ಕ ಇಷ್ಟೇ. ಸ್ಪ್ರಿಂಗನ್ನು ಎಷ್ಟು ಒತ್ತುತ್ತೇವೋ ಅಷ್ಟೇ ಪ್ರಮಾಣದಲ್ಲಿ ಅದು ತಿರುಗಿ ತಳ್ಳುತ್ತದೆ. ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ ಇದು, ಹೈಸ್ಕೂಲಿನಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದು. ಯಾವ ಸ್ಪ್ರಿಂಗ್ ಎಷ್ಟು ಗಟ್ಟಿ ಅನ್ನುವುದು ಮೂರು ಸಂಗತಿಗಳ ಮೇಲೆ ನಿಂತಿದೆ. ಸುತ್ತು ಕಡಿಮೆಯಾದಷ್ಟೂ ಗಟ್ಟಿ. ಸುತ್ತಿನ ಅಗಲ ಕಡಿಮೆಯಾದಷ್ಟೂ ಗಟ್ಟಿ. ಎಲ್ಲಕ್ಕಿಂತ ಹೆಚ್ಚಾಗಿ, ತಂತಿಯ ದಪ್ಪ. ದಪ್ಪವನ್ನು ಅದರಿಂದಲೇ ನಾಲ್ಕು ಸಲ ಗುಣಿಸಿದ ಲೆಕ್ಕದಲ್ಲಿ ಬಲ ಏರುತ್ತದೆ. ಮೆಕ್ಯಾನಿಕ್ ತಮ್ಮ ವರ್ನಿಯರ್ ಹಿಡಿದು ತೋರಿಸಿದರು. ಬಲಬದಿಯ ಸ್ಪ್ರಿಂಗಿನ ತಂತಿ ಒಂದು ಮಿಲಿಮೀಟರ್. ಎಡಬದಿಯದು 1.2. ಕಣ್ಣಿಗೆ ಕಾಣದಷ್ಟು ವ್ಯತ್ಯಾಸ. ಆದರೆ 1.2ನ್ನು ನಾಲ್ಕು ಸಲ ಇಟ್ಟು ಗುಣಿಸಿ ನೋಡಿ, ಎರಡಕ್ಕಿಂತ ಚೂರು ಹೆಚ್ಚು ಬರುತ್ತದೆ. ನಮ್ಮ ನೀರಿನ ಬಾಟಲಿ ಹೇಳಿದ್ದೂ ಅದನ್ನೇ!

ಅವರು ಡಬ್ಬಿಯೊಳಗೆ ಹುಡುಕಿ ಸಣ್ಣ ತಂತಿಯ ಒಂದು ಸ್ಪ್ರಿಂಗ್ ಕೊಟ್ಟರು, ಜೊತೆಗೆ ನಾಲ್ಕು ವಾಷರ್. ದುಡ್ಡು ಕೇಳಲಿಲ್ಲ. “ಗಟ್ಟಿತನ ಬೇರೆ, ಬಿಗಿತ ಬೇರೆ. ವಾಷರ್ ಹಾಕಿದ್ರೆ ಸ್ಪ್ರಿಂಗು ಮೊದಲೇ ಒಂದಿಷ್ಟು ಅದುಮ್ಕೊಂಡು ಕೂತಿರುತ್ತೆ. ನಡುವೆ ಅಲ್ಲಾಡದಂಗೆ ನಿಲ್ಲುತ್ತೆ. ಆದ್ರೆ ಅದರ ಗುಣ ಬದಲಾಗಲ್ಲ” ಅಂದರು. ಆ ಮಾತು ಬೇಗ ಉಪಯೋಗಕ್ಕೆ ಬಂತು. ಎಡಬದಿಗೆ ಹೊಸ ಸ್ಪ್ರಿಂಗ್ ಹಾಕಿದಾಗ ಹ್ಯಾಂಡಲ್ಲು ಹಗುರಾಯಿತು, ಆದರೆ ನಡುವೆ ತುಸು ಜೋಲಾಡಿತು. ಕೈ ಬಿಟ್ಟರೆ ನಡುವಿನಲ್ಲಿ ನಿಲ್ಲದೆ ಎದುರಿನ ಸ್ವಿಚ್ಚಿಗೂ ಒಮ್ಮೆ ತಾಗಿ ಬರುತ್ತಿತ್ತು. ಮುಂದೆ ಹೋಗುತ್ತಿದ್ದ ಆಳು ಸುಮ್ಮನೆ ಒಂದು ಹೆಜ್ಜೆ ಹಿಂದೆ ಇಡುತ್ತಿದ್ದ. ತೀರಾ ಸಡಿಲವೂ ಒಳ್ಳೆಯದಲ್ಲ. ಒಂದು ವಾಷರ್ ಹಾಕಿದ ಮೇಲೆ ಸರಿಯಾಯಿತು. ಬಲಬದಿಯದೂ ವರ್ಷಗಳ ಬಳಕೆಯಿಂದ ಸ್ವಲ್ಪ ಸೋತಿತ್ತು, ಅದಕ್ಕೂ ಒಂದು ತೆಳು ವಾಷರ್. ಮತ್ತೆ ಬಾಟಲಿ ಕಟ್ಟಿ ಅಳೆದೆವು. ಎರಡೂ ಕಡೆ ನೀರಿನ ಮಟ್ಟ ಒಂದು ಬೆರಳಗಲ ಹೆಚ್ಚುಕಡಿಮೆ.

ಮಾಲೀಕರಿಗೆ ಒಂದು ಅನುಮಾನ ಇದ್ದೇ ಇತ್ತು. “ಹ್ಯಾಂಡ್ಲು ಸುಲಭ ಮಾಡ್ಬಿಟ್ರೆ ಒಂದೇ ಟೋಕನ್ನಿಗೆ ಅರ್ಧ ಗಂಟೆ ನಿಂತ್ಕೋತಾರಲ್ರಪ್ಪ, ನಮ್ಮ ಬಾಡಿಗೆ ಯಾರು ಕಟ್ಟೋರು?” ಅಂದರು. ಅವರ ಚಿಂತೆ ಸುಳ್ಳಲ್ಲ. ದಸರಾ ಸೀಸನ್ನಿನಲ್ಲಿ ವರ್ಷದ ಗಂಜಿ ನೋಡಿಕೊಳ್ಳಬೇಕಾದವರು. ನಾವು ಹೇಳಿದ್ದು ಇಷ್ಟೆ: ಇಬ್ಬರು ಹೊಡೆದಾಡುವ ಆಟದಲ್ಲಿ ಹ್ಯಾಂಡಲ್ಲು ಹೇಗಿದ್ದರೂ ಒಬ್ಬರು ಸೋಲಲೇಬೇಕು, ಪರದೆಯ ಮೇಲಿನ ಗಡಿಯಾರ ಮುಗಿಯಲೇಬೇಕು. ಯಾರು ಸೋಲಬೇಕು ಅನ್ನುವುದನ್ನು ಸ್ಪ್ರಿಂಗ್ ತೀರ್ಮಾನಿಸದಿದ್ದರೆ ಸಾಕು. ಅವರು ಸ್ವಲ್ಪ ಹೊತ್ತು ಎರಡೂ ಹ್ಯಾಂಡಲ್ಲನ್ನು ಆಡಿಸಿ ನೋಡಿ, “ಇರ್ಲಿ ಬಿಡಿ” ಅಂದರು. ಗಲ್ಲಾಪೆಟ್ಟಿಗೆಯ ಲೆಕ್ಕ ಅವರದು, ನಾವು ಕೇಳಲಿಲ್ಲ. ಆದರೆ ಓಡಿಬಂದು ಬಲಬದಿಯನ್ನೇ ಹಿಡಿಯುತ್ತಿದ್ದ ಪಡ್ಡೆ ಹುಡುಗರು ಒಂದು ವಾರದೊಳಗೆ ಯಾವ ಕಡೆಯಾದರೂ ನಿಲ್ಲತೊಡಗಿದರು. ಚಿಕ್ಕವರು ಗೆಲ್ಲುವುದೂ ಶುರುವಾಯಿತು. ಹಾಗೆಯೇ ಸೋಲುವುದೂ ನಡೆದಿತ್ತು. ಆದರೆ ಆ ಸೋಲು ಅವರದೇ ಆಟದ್ದು. ಮುಂದಿನ ಟೋಕನ್ನಿನಲ್ಲಿ ತಿದ್ದಿಕೊಳ್ಳಬಹುದಾದ ಸೋಲು.

ನಂಜನಗೂಡಿನ ಆ ಹುಡುಗಿ ಮತ್ತೆ ಬರಲಿಲ್ಲ. ತಾನು ಹೇಳಿದ್ದು ಸರಿಯಾಗಿತ್ತು ಅನ್ನುವುದು ಅವಳಿಗೆ ತಿಳಿಯಲೇ ಇಲ್ಲ. ಆಟದ ಕೈ ತನ್ನದಲ್ಲ ಅಂತಲೇ ಅಂದುಕೊಂಡು ಬೆಳೆಯುತ್ತಾಳೇನೋ ಅನ್ನುವುದು ನಮ್ಮನ್ನು ಈಗಲೂ ಕಾಡುತ್ತದೆ.

ಈ ಹ್ಯಾಂಡಲ್ಲುಗಳ ವಿಷಯದಲ್ಲಿ ಜಗತ್ತು ಒಂದೇ ಥರ ಇಲ್ಲ ಅನ್ನುವುದನ್ನು ಆಮೇಲೆ ಓದಿ ತಿಳಿದೆವು. ಜಪಾನಿನ ಹ್ಯಾಂಡಲ್ಲಿನ ತುದಿಯಲ್ಲಿ ಗೋಲಿಯಂಥ ಗುಂಡು ಇರುತ್ತದೆ, ಬೆರಳ ನಡುವೆ ಹಿಡಿದು ಆಡಿಸುವ ಹಾಗೆ ಹಗುರವಾದ ಸ್ಪ್ರಿಂಗ್. ಅಮೆರಿಕದ ಹಳೆಯ ಪೆಟ್ಟಿಗೆಗಳದು ಉದ್ದನೆಯ ಬ್ಯಾಟಿನಂಥ ಹಿಡಿ, ಮುಷ್ಟಿಯಲ್ಲಿ ಹಿಡಿದು ಎಳೆದಾಡುವ ಹಾಗೆ ಬಿಗಿಯಾದದ್ದು. ಕೊರಿಯಾದ ಹ್ಯಾಂಡಲ್ಲುಗಳಲ್ಲಿ ಸ್ಪ್ರಿಂಗೇ ಇರುವುದಿಲ್ಲ, ಅದರ ಜಾಗದಲ್ಲಿ ಒಂದು ರಬ್ಬರಿನ ಬಳೆ. ದೊಡ್ಡ ಪಂದ್ಯ ಆಡುವವರು ತಮ್ಮ ಕೈಗೆ ಹೊಂದುವ ಸ್ಪ್ರಿಂಗನ್ನು ತಾವೇ ಕೊಂಡು ಹಾಕಿಕೊಳ್ಳುತ್ತಾರೆ. ಅದನ್ನು ಯಾರೂ ‘ನೆಲ ಡೊಂಕು ಅಂತಾನೆ’ ಎಂದು ನಗುವುದಿಲ್ಲ. ಆಟ ಬಲ್ಲವನ ಲಕ್ಷಣ ಅಂತಾರೆ. ಅದೇ ದೂರನ್ನು ಹಳ್ಳಿಯ ಹುಡುಗಿಯೊಬ್ಬಳು ಹೇಳಿದರೆ ಗಾದೆ ಕೇಳಬೇಕಾಗುತ್ತದೆ.

ಗಾದೆ ಸುಳ್ಳು ಅಂತ ನಾವು ಹೇಳುತ್ತಿಲ್ಲ. ಕುಣಿಯಲು ಬಾರದೆ ನೆಲವನ್ನು ದೂರುವವರು ಊರಿಗೆ ನಾಲ್ಕು ಜನ ಸಿಗುತ್ತಾರೆ. ಆದರೆ ನೆಲ ನಿಜವಾಗಿಯೂ ಡೊಂಕಿರುವುದೂ ಉಂಟು. ಒಂದು ಬಾಟಲಿ ನೀರಿನಿಂದ ಅಳೆದು ತೀರ್ಮಾನಿಸಬಹುದಾದ ಸಂಗತಿಯನ್ನು ಗಾದೆಯಿಂದ ಮುಗಿಸಿಬಿಡುವುದು ಯಾಕೆ?

ನಮ್ಮ ಮನೆಗಳಲ್ಲೇ ನೋಡಿ. ಔಷಧಿ ಪಂಪಿನ ಹಿಡಿ ಒತ್ತಿ ಒತ್ತಿ ಸಂಜೆಗೆ ಅವ್ವನ ಬೆರಳು ಮಡಚಲಾಗದಿದ್ದರೆ ನಾವು ‘ವಯಸ್ಸಾಯ್ತು’ ಅನ್ನುತ್ತೇವೆ. ಹೊಲಿಗೆ ಕಲಿಯುವ ಅಕ್ಕನ ದಾರ ಪದೇಪದೇ ತುಂಡಾದರೆ ‘ಇವಳ ಕೈ ಕೂರಲ್ಲ’ ಅನ್ನುತ್ತೇವೆ. ಅಣ್ಣನ ಸೈಕಲ್ಲಿನ ಬ್ರೇಕ್ ತಂಗಿಯ ಬೆರಳಿಗೆ ಸಿಗದಿದ್ದರೆ ‘ನಿನಗ್ಯಾಕೆ ಸೈಕಲ್ಲು’ ಅನ್ನುತ್ತೇವೆ. ಹೊಲಿಗೆ ಮಿಷನ್ನಿನ ದಾರದ ಬಿಗಿ ಸರಿಮಾಡಲು ಮುಂದೆಯೇ ಒಂದು ತಿರುಪಿರುತ್ತದೆ, ಎಡಕ್ಕೆ ತಿರುಗಿಸಿದರೆ ಸಡಿಲ, ಬಲಕ್ಕೆ ತಿರುಗಿಸಿದರೆ ಬಿಗಿ. ಬ್ರೇಕಿನ ವೈರಿಗೆ ನಾಲ್ಕು ಹನಿ ಎಣ್ಣೆ ಬಿಟ್ಟರೆ ಅರ್ಧ ಭಾರ ಇಳಿದಂತೆ ಅನ್ನಿಸುವುದುಂಟು. ಪಂಪಿನ ಹಿಡಿ ಬಿಚ್ಚಿ ತೊಳೆದರೆ ಒಳಗೆ ಗಟ್ಟಿಕಟ್ಟಿದ ಔಷಧಿಯೇ ಕೈಗೆ ಬರಬಹುದು. ತೊಳೆಯುವಾಗ ಕೈಗೆ ಗವಸು ಇರಲಿ.

ಹಾಗಾಗಿ ಮುಂದಿನ ಸಲ ಮನೆಯಲ್ಲಿ ಯಾರಾದರೂ ‘ಇದು ಸರಿಗಿಲ್ಲ’ ಅಂದರೆ, ನಗುವ ಮೊದಲು ಅದನ್ನು ಒಮ್ಮೆ ನಿಮ್ಮ ಕೈಗೆ ತೆಗೆದುಕೊಳ್ಳಿ. ಕೊಳೆ ಇದೆಯಾ ನೋಡಿ. ಎಣ್ಣೆ ಬೇಕಾ ನೋಡಿ. ಸ್ಪ್ರಿಂಗ್ ಯಾರ ಕೈಗೆ ಹೊಂದಿಸಿದ್ದು, ಈಗ ಬಳಸುತ್ತಿರುವುದು ಯಾರ ಕೈ, ಅದನ್ನೂ ನೋಡಿ. ಎಲ್ಲ ಸರಿಯಿದ್ದರೆ ಗಾದೆ ಹೇಳಲು ಆಮೇಲೆ ಬೇಕಾದಷ್ಟು ಹೊತ್ತಿದೆ.